ಬೀಸುಕಲ್ಲಿನ ಕೀಲು

ಆ ಬೇಸಿಗೆಯಲ್ಲಿ ನಮ್ಮ ಜಮಖಂಡಿ ಮನೆಯ ಪಡಸಾಲೆಯೊಳಗೆ ಯಾರಾದರೂ ಕಾಲು ಚಾಚಿ ಕೂತದ್ದು ನನಗೆ ನೆನಪಿಲ್ಲ. ಬೀದಿ ಕಡೆಯ ಗೋಡೆಗೆ ಒತ್ತಿಕೊಂಡು ಅಪ್ಪನ ಲೇತು ನಿಂತಿತ್ತು. ಕಟ್ಟಿಗೆಯನ್ನು ತಿರುಗಿಸಿ ದುಂಡಗೆ ಕೆತ್ತುವ ಯಂತ್ರ, ಆದರೆ ಅಂಗಡಿಯಿಂದ ತಂದದ್ದಲ್ಲ. ಆಳುದ್ದದ ಎರಡು ತೊಲೆ, ಬನಹಟ್ಟಿಯ ಯಾವುದೋ ಪಾವರಲೂಮ್ ಶೆಡ್ಡಿನಲ್ಲಿ ಮಗ್ಗ ಎಳೆದು ಎಳೆದು ಮೂಲೆಗೆ ಬಿದ್ದಿದ್ದ ಮೋಟಾರು, ಎರಡು ಬೇರಿಂಗಿನ ಮೇಲೆ ತಿರುಗುವ ಒಂದು ಶಾಫ್ಟು, ಎರಡಕ್ಕೂ ನಂಟು ಹಾಕಿದ ಬೆಲ್ಟು. ಅದು ಚಾಲೂ ಆದರೆ ಗೋಡೆಯ ಮಾಡದಲ್ಲಿದ್ದ ಹಿತ್ತಾಳೆ ತಂಬಿಗೆ ತಾನಾಗಿ ನಡೆದು ಅಂಚಿಗೆ ಬರುತ್ತಿತ್ತು. ಕಟ್ಟಿಗೆಯ ಹೊಟ್ಟು ಹಾಸಿಗೆಯಲ್ಲಿ, ತಲೆಗೂದಲಲ್ಲಿ, ಹಿಟ್ಟಿನ ಡಬ್ಬಿಯಲ್ಲಿ. ಅದೇ ಗೋಡೆಯ ಬುಡ ಅಲ್ಲಿಯತನಕ ಗಂಗತ್ತಿಯ ಜಾಗವಾಗಿತ್ತು. ಗಂಗತ್ತಿ ಅಪ್ಪನ ಅಕ್ಕ. ಮದುವೆಯಾಗಿ ನಾಲ್ಕೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಬಂದವಳು ಈ ಮನೆಯ ಕೀಲಿಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಲ್ಲೇ ಉಳಿದವಳು. ಲೇತು ಬಂದ ದಿನ ಅವಳು ಜೋಳದ ಮೊರ ಎತ್ತಿಕೊಂಡು ಅಡುಗೆಮನೆಯ ಹೊಸ್ತಿಲಿಗೆ ಹೋಗಿ ಕೂತಳು. ಆ ಬೇಸಿಗೆಯ ಜಗಳವನ್ನೆಲ್ಲ ಅಲ್ಲಿಂದಲೇ ನಡೆಸಿದಳು.

"ಲೇ ಬಸ್ಯಾ, ಇದು ಮನಿಯೋ ಕಾರಖಾನಿಯೋ? ರೊಟ್ಟ್ಯಾಗ ಕಟಗಿ ಹೊಟ್ಟು ಬರಾಕತ್ತೈತಿ."

"ಸಾಗವಾನಿ ಐತೆಕ್ಕ, ತುಟ್ಟಿ ಮಾಲು. ಸುಮ್ಮ ತಿನ್ನು."

"ನೀ ತಿನ್ನು. ನಿನ್ನ ಹಲ್ಲಿಗೂ ಒಂದು ಮೋಟರ್ ಹಚಗೋ."

ಅಪ್ಪ ನಗುತ್ತಿದ್ದ, ಆದರೆ ಕೂರುತ್ತಿರಲಿಲ್ಲ. ಅವನು ಬೀಳಗಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಡ್ಯಾಮಿನ ಹಿನ್ನೀರು ಬರಲಿರುವ ಹಳ್ಳಿಗಳಲ್ಲಿ ಮನೆ ಮನೆ ಹೊಕ್ಕು ಅಳತೆ ಬರೆದುಕೊಳ್ಳುವುದು ಅವನ ಕೆಲಸ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದ. ಚಹಾ ಕುಡಿಯುತ್ತಲೇ ಪಡಸಾಲೆಯಲ್ಲಿ ಅತ್ತಿತ್ತ ತಿರುಗುತ್ತ ನಮ್ಮ ಮನೆಯ ಕಂಬಗಳನ್ನು, ತೊಲೆಗಳನ್ನು, ಬಾಗಿಲ ಚೌಕಟ್ಟನ್ನು ಒಂದೊಂದಾಗಿ ನೋಡುತ್ತಿದ್ದ. ಅವನು ಅವನ್ನೂ ಮನಸ್ಸಿನಲ್ಲೇ ಬರೆದುಕೊಳ್ಳುತ್ತಿದ್ದಾನೆಂದು ನನಗೆ ಆಗಲೇ ಅನ್ನಿಸಿತ್ತೇ? ಇಲ್ಲವೇ ಇದು ಆಮೇಲೆ ಓದಿ ಬಲಿತ ನಾನು ಅಂದಿನ ಹದಿಮೂರರ ಹುಡುಗಿಯ ತಲೆಯಲ್ಲಿ ಇಟ್ಟ ಮಾತೇ? ಆ ವರ್ಷದಿಂದ ನಾನು ಡೈರಿ ಬರೆಯುತ್ತಿದ್ದೆ, ಸಾಲಿಯ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ. ಅದರಲ್ಲಿ ಕಂಬಗಳ ಸುದ್ದಿ ಇಲ್ಲ. "ಅಪ್ಪ ಕೂಡ್ರಂಗಿಲ್ಲ. ಅವ್ವ ಬೈದಳು" ಎಂದಷ್ಟೇ ಇದೆ.

ಒಂದು ಸಂಜೆ ಅಪ್ಪ ಗೋಣಿಯಲ್ಲಿ ಸುತ್ತಿದ ಮೊಣಕೈ ಉದ್ದದ ತೇಗದ ತುಂಡೊಂದನ್ನು ಹೆಗಲ ಮೇಲೆ ಹೊತ್ತು ಬಸ್ಸಿನಿಂದ ಇಳಿದ. ಮುಳುಗಲಿರುವ ಹಳ್ಳಿಯೊಂದರಲ್ಲಿ ಮನೆ ಬಿಚ್ಚುವಾಗ ಒಂದು ಕಂಬ ಸೀಳಿತಂತೆ. ಸೀಳದೆ ಉಳಿದ ಬುಡವನ್ನು ಆ ಮನೆಯ ಮುದುಕ ಇವನ ಕೈಗಿತ್ತು, "ಎಲ್ಲಾ ಬರಕೊಂಡ್ರಿ, ಇದನ್ನ ಹೊತಗೊಂಡು ಹೋಗ್ರಿ" ಅಂದನಂತೆ. ಅದು ಪ್ರೀತಿಯ ಮಾತೋ ಸಿಟ್ಟಿನದೋ ಅಪ್ಪನಿಗೆ ಕಡೆಗೂ ತಿಳಿಯಲಿಲ್ಲ. ಆ ತುಂಡನ್ನು ಒಳಗೆ ತಂದವನೇ, ನನ್ನ ಅಕ್ಕ ಸುಧಾಳ ಮದುವೆಗೆ ತಾನೇ ಕೈಯಾರೆ ಚೌರಂಗ ಮಾಡುವುದಾಗಿ ನಿಂತಲ್ಲೇ ಹೇಳಿದ. ಮದುಮಗಳನ್ನು ಕೂರಿಸುವ, ನಾಲ್ಕು ದುಂಡು ಕಾಲಿನ ಚೌಕ ಪೀಠ ಅದು. ಅವ್ವನ ತವರು ಮೀರಜ ಕಡೆ. ಅಲ್ಲಿ ಅಪ್ಪ ಕೊಟ್ಟ ಚೌರಂಗವಿಲ್ಲದೆ ಹೆಣ್ಣು ಹೊಸ್ತಿಲು ದಾಟುವುದಿಲ್ಲ ಎಂದು ಅವ್ವ ನೂರು ಸಲ ಹೇಳಿದ್ದಳು. ನಾಲ್ಕು ಕಾಲು, ಅಷ್ಟೇ. ಆ ಬೇಸಿಗೆಯ ಅವನ ಚಡಪಡಿಕೆಯೆಲ್ಲ ಆ ನಾಲ್ಕು ಕಾಲುಗಳಲ್ಲಿ ಬಂದು ನಿಂತಿತು.

ಕಟ್ಟಿಗೆ ಇತ್ತು, ಲೇತು ಇತ್ತು. ಇಲ್ಲದ್ದು ಎರಡನ್ನೂ ಹಿಡಿಸುವ ತುಣುಕು. ಶಾಫ್ಟಿನ ತುದಿಯಲ್ಲಿ ಒಂದು ಕಬ್ಬಿಣದ ಮೂತಿ ಬೇಕು. ಅದರ ನಡುವೆ ಚೂಪು ಮೊನೆ, ಮೊನೆಯ ಸುತ್ತ ನಾಲ್ಕು ಹಲ್ಲು. ಮೊನೆ ಕಟ್ಟಿಗೆಯ ನಟ್ಟನಡುವೆ ಚುಚ್ಚಿ ನಿಲ್ಲಬೇಕು, ಹಲ್ಲು ಕಚ್ಚಿ ತಿರುಗಿಸಬೇಕು. ಹಲ್ಲು ಸೆಂಟರ್ ಅನ್ನುತ್ತಿದ್ದ ಅಪ್ಪ. ಒಂದು ದಪ್ಪ ಬೋಲ್ಟಿನ ತುದಿಗೆ ಗರಗಸದಿಂದ ಹಲ್ಲು ಕೊರೆದು ಮೊದಲ ಸಲ ನೋಡಿದ. ಮೋಟಾರು ಚಾಲೂ ಆದದ್ದೇ ತಡ ಕಟ್ಟಿಗೆ ಕುಂಟುತ್ತ ಕುಣಿದು, ಹಾರಿ, ಮಾಡದ ತಂಬಿಗೆಗೆ ಬಡಿಯಿತು. ಹೊಸ್ತಿಲಿನಿಂದ ಗಂಗತ್ತಿ, "ಹೋತ ನಮ್ಮ ಅವ್ವನ ತಂಬಗಿ" ಅಂದಳು. ತಂಬಿಗೆಯ ನೆಗ್ಗು ಇವತ್ತಿಗೂ ಇದೆ. ಅದೊಂದರ ಮಟ್ಟಿಗೆ ನನ್ನ ನೆನಪಿಗೆ ಸಾಕ್ಷಿ ಉಂಟು.

ಮುಂದಿನ ರವಿವಾರ ಅಪ್ಪ ಶಾಫ್ಟನ್ನು ಬಿಚ್ಚಿಕೊಂಡು ಬನಹಟ್ಟಿಗೆ ಹೊರಟ. ನಾನೂ ಹಟ ಹಿಡಿದು ಹೋದೆ. ಮಗ್ಗದ ಬಿಡಿಭಾಗ ಮಾಡಿಕೊಡುವ ರಾಜೇಸಾಬ ಮಿಸ್ತ್ರಿಯ ಅಂಗಡಿ ಒಂದು ಗಲ್ಲಿಯ ಕೊನೆಗಿತ್ತು. ಎರಡೂ ಕಡೆಯ ಶೆಡ್ಡುಗಳಲ್ಲಿ ಮಗ್ಗಗಳ ಸದ್ದು, ಮಾತಾಡುವವರೆಲ್ಲ ಕೂಗಿಯೇ ಮಾತಾಡಬೇಕು. ಮಿಸ್ತ್ರಿ ಶಾಫ್ಟಿನ ತುದಿಗೆ ಹೆಬ್ಬೆರಳು ಹೋಗುವಷ್ಟು ತೂತು ಕೊರೆದು, ಪಕ್ಕದಿಂದ ಬಿಗಿಯಲು ಒಂದು ಬೋಲ್ಟು ಕೂರಿಸಿ ಕೊಟ್ಟ. ಸೆಂಟರನ್ನೂ ಮಾಡಿಕೊಡು ಅಂದರೆ ತಲೆಯಾಡಿಸಿದ.

"ನಾ ಇಲ್ಲೆ ಎಷ್ಟ ಛಲೋ ಮಾಡಿಕೊಟ್ರೂ ಅಲ್ಲಿ ನಿಮ್ಮ ತೂತಿನ್ಯಾಗ ಕುಂತಾಗ ಒಂದು ಕೂದಲ ಎಳಿ ಸರೀತೈತ್ರಿ ಸಾಹೇಬ್ರ. ಸಲಾಕಿ ಕೊಡತೇನಿ. ನಿಮ್ಮ ಶಾಫ್ಟಿಗೆ ಹಾಕಿ ಬಿಗೀರಿ, ಮೋಟರ್ ಚಾಲೂ ಮಾಡ್ರಿ, ತಿರಗತಿರಗತ ಅದನ್ನ ಅಲ್ಲೇ ಹೆರೀರಿ. ಎಲ್ಲಿ ತಿರಗೂದೈತೋ ಅಲ್ಲೇ ಚೂಪ ಆಗಬೇಕು. ಹಲ್ಲು ಕಡೀಕ."

"ಹಲ್ಲು ಮೊದ್ಲ ಕೊರದ್ರ ಏನಾಕ್ಕೈತಿ?"

"ಆತು, ಮುಗೀತು. ಮತ್ತ ಬನಹಟ್ಟಿ ಬಸ್ಸು ಹತ್ತಬೇಕು ನೀವು."

ಮನೆಗೆ ಬಂದ ಅಪ್ಪ ಹಲ್ಲು ಮೊದಲು ಕೊರೆದ. ಯಾಕೆಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅವತ್ತು ಕರೆಂಟು ಇರಲಿಲ್ಲ, ಕೈ ಸುಮ್ಮನಿರಲಿಲ್ಲ, ಅಷ್ಟೇ ಇರಬೇಕು. ಆಮೇಲೆ ತಿರುಗಿಸಿ ಮೊನೆ ಹೆರೆಯಹೋದರೆ ಉಳಿ ಹಲ್ಲಿಗೆ ಸಿಕ್ಕಿ ಸಲಾಕೆ ಕೆಟ್ಟಿತು. ಮದುವೆಗೆ ಹದಿನೈದು ದಿನ ಉಳಿದಿತ್ತು. ಮಿಸ್ತ್ರಿಯ ಮುಂದೆ ಮತ್ತೆ ನಿಂತು ಇನ್ನೊಂದು ಸಲಾಕೆ ಕೇಳಲು ಅಪ್ಪನಿಗೆ ನಾಚಿಕೆ. ಎರಡು ದಿನ ಅವನು ಮನೆಯೆಲ್ಲ ಕಬ್ಬಿಣ ಹುಡುಕಿದ. ಕಿಟಕಿಯ ಸರಳು ಹಿಡಿದು ನೋಡಿದ, ಬಾವಿಯ ಗಾಲಿಯ ಅಚ್ಚು ನೋಡಿದ. ಎಲ್ಲ ತೆಳ್ಳಗೆ. ಎಲ್ಲಿದೆ ಎಂದು ಗೊತ್ತಿದ್ದವಳು ನಾನು.

ಹಿತ್ತಲ ಕೋಣೆಯ ಮೂಲೆಯಲ್ಲಿ ಬೀಸುಕಲ್ಲು ಇತ್ತು, ಗೋಣಿ ಹೊದ್ದುಕೊಂಡು. ಹಿಟ್ಟಿನ ಗಿರಣಿ ಬಂದ ಮೇಲೆ ಅದನ್ನು ಯಾರೂ ತಿರುಗಿಸುತ್ತಿರಲಿಲ್ಲ. ಅದು ನನ್ನ ಅಜ್ಜಿಯದು, ಅವಳು ಗಂಗತ್ತಿಗೆ ಬಿಟ್ಟು ಹೋದದ್ದು. ನಾನು ಸಣ್ಣವಳಿದ್ದಾಗ ಅತ್ತಿ ಅಪರೂಪಕ್ಕೆ ಅದರಲ್ಲಿ ಬೇಳೆ ಒಡೆಯುತ್ತಿದ್ದಳು. ಒಡೆಯುವ ಮೊದಲು ಕೆಳಗಿನ ಕಲ್ಲಿನ ನಡುವೆ ನಿಂತ ದಪ್ಪ ಕಬ್ಬಿಣದ ಕೀಲನ್ನು ಬಿಗಿದ ಕಟ್ಟಿಗೆಯ ಬೆಣೆಗೆ ನೀರು ಹೊಯ್ಯುತ್ತಿದ್ದಳು.

"ಬೆಣಿ ಒಣಗಿರತೈತಿ ವಿಜೀ. ನೀರು ಕುಡದ್ರ ಉಬ್ಬತೈತಿ, ಕೀಲ ಅಲಗಂಗಿಲ್ಲ" ಅನ್ನುತ್ತಿದ್ದಳು.

ಹಾಗಾದರೆ ಬೇಸಿಗೆಯಲ್ಲಿ ಕೀಲು ಅಲುಗುತ್ತದೆ ಎಂಬುದು ಅವಳೇ ನನಗೆ ಕಲಿಸಿದ್ದು. ಅತ್ತಿ ಮದುವೆಗೆ ಕರೆಯಲು ಸಾವಳಗಿಗೆ ಹೋದ ದಿನ ನಾನು ಗೋಣಿ ಸರಿಸಿ, ಮೇಲಿನ ಕಲ್ಲನ್ನು ಪಕ್ಕಕ್ಕೆ ಹೊರಳಿಸಿ, ಒಣಗಿದ ಬೆಣೆಯನ್ನು ತಟ್ಟಿ ತಟ್ಟಿ ಸಡಿಲಿಸಿ ಕೀಲನ್ನು ಹೊರಗೆಳೆದೆ. ಅಪ್ಪ ಕೇಳಿರಲಿಲ್ಲ. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಮನೆಯಲ್ಲಿ ಈ ಕಥೆಯನ್ನು ಹೇಳುವುದೇ ಬೇರೆ ರೀತಿ. ಯಾರೂ ಬೀಸದ ಕಲ್ಲು, ಯಾರಿಗೂ ಬೇಡದ ಕೀಲು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅತ್ತಿ ಊರಲ್ಲಿಲ್ಲದ ದಿನವನ್ನೇ ಆರಿಸಿಕೊಂಡೆ. ಮತ್ತೆ ಕಲ್ಲು ಕೂರಿಸಿ, ಗೋಣಿಯನ್ನು ನಾಲ್ಕು ಮಡಿಕೆ ಮಾಡಿ ಅಂಚು ಒಳಗೆ ಸಿಕ್ಕಿಸಿ ಹೊದಿಸಿ ಬಂದೆ. ಕೀಲನ್ನು ಕೈಯಲ್ಲಿಟ್ಟಾಗ ಅಪ್ಪ ಅದರ ತುದಿಯನ್ನು ಹೆಬ್ಬೆರಳಿನಿಂದ ಸವರಿದ. ಎಷ್ಟೋ ಮಂದಿ ಹೆಂಗಸರು ಬೀಸಿ ಬೀಸಿ ಆ ತುದಿ ತಾನಾಗಿ ಮೊನೆಯಾಗಿತ್ತು.

"ಅಕ್ಕನ ಕೇಳಿದೇನು?"

"ಹೂಂ."

ಅವನು ನನ್ನ ಮುಖ ನೋಡಿದ. ನಂಬಲಿಲ್ಲ ಎಂದು ಈಗ ಅನ್ನಿಸುತ್ತದೆ. ಆದರೆ ಕೀಲನ್ನು ವಾಪಸು ಕೊಡಲಿಲ್ಲ.

ಈ ಸಲ ಅವನು ಮಿಸ್ತ್ರಿ ಹೇಳಿದ ಹಾಗೇ ಮಾಡಿದ. ಕೀಲನ್ನು ಮರಳು ಕಾಗದದಿಂದ ಉಜ್ಜಿ ತೂತಿಗೆ ಕೂರಿಸಿ ಬೋಲ್ಟು ಬಿಗಿದ. ಮೋಟಾರು ಚಾಲೂ ಮಾಡಿದಾಗ, ಎಷ್ಟು ನೆಟ್ಟಗಿದೆ ಎಂದುಕೊಂಡಿದ್ದ ಆ ಮೊನೆ ಎರಡು ಮೊನೆಗಳಾಗಿ ಕಂಡಿತು, ಮಬ್ಬಾಗಿ ನಡುಗುತ್ತ. ಕಲ್ಲಿನಲ್ಲಿ ಅದು ನೆಟ್ಟಗಿತ್ತು, ಇಲ್ಲಿ ಸೊಟ್ಟ. ಅಪ್ಪ ಹಳೆಯ ಅರವೊಂದನ್ನು ಮಸೆದು ಉಳಿ ಮಾಡಿಕೊಂಡಿದ್ದ. ಅದನ್ನು ಉಳಿ ಆನಿಸುವ ಪಟ್ಟಿಗೆ ಒತ್ತಿ ಹಿಡಿದು ತಿರುಗುವ ತುದಿಗೆ ತಾಗಿಸಿದ. ನಾನು ಚಮಚದಿಂದ ಶೇಂಗಾ ಎಣ್ಣೆ ಬಿಡುತ್ತಿದ್ದೆ. ಸುಟ್ಟ ಎಣ್ಣೆಯ ಹೊಗೆ, ಕೀಂ ಎನ್ನುವ ಸದ್ದು, ಕೂದಲಿನಂಥ ಕಬ್ಬಿಣದ ಎಳೆಗಳು. ಮೆಲ್ಲಗೆ ಎರಡು ಮೊನೆಗಳು ಹತ್ತಿರ ಬಂದವು. ಆಮೇಲೆ ಒಂದಾದವು, ತಿರುಗುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ಸ್ಥಿರವಾಗಿ. ಮೊನೆಯ ಸುತ್ತ ತಗ್ಗು ತೆಗೆದು, ಅಂಚಿನಲ್ಲಿ ಉಳಿದ ಬಳೆಯಂಥ ಭಾಗವನ್ನು ಮೋಟಾರು ನಿಲ್ಲಿಸಿ ಮುಮ್ಮೂಲೆ ಅರದಿಂದ ನಾಲ್ಕು ಹಲ್ಲಾಗಿ ಕಡಿದ. ಒಂದೊಂದು ಹಲ್ಲಿನ ಒಂದು ಬದಿ ನೆಟ್ಟಗೆ, ಇನ್ನೊಂದು ಬದಿ ಇಳಿಜಾರು. ಕಟ್ಟಿಗೆ ಕಚ್ಚಿತು, ಕುಂಟಲಿಲ್ಲ. ಅಪ್ಪ ಮೊದಲ ಸಲ ಲೇತಿನ ಪಕ್ಕದಲ್ಲಿ ಸ್ಟೂಲು ಎಳೆದು ಕೂತ. ಅವ್ವ ಅಡುಗೆಮನೆಯಿಂದ ಬಂದು ನೋಡಿ, "ಕುಂತಾರ ನೋಡ್ರಿ" ಎಂದು ಅತ್ತಿಗೆ ಕೂಗಿ ಹೇಳಿದಳು.

ಕಚೇರಿಗೆ ಹೋಗುವ ಮೊದಲು ಸಿಕ್ಕಷ್ಟು ಹೊತ್ತು ಕೆತ್ತುತ್ತಿದ್ದ. ಒಂದು ಕಾಲಾಯಿತು, ಎರಡಾದವು, ಮೂರಾದವು. ನಾಲ್ಕನೆಯದಕ್ಕೆ ಕರೆಂಟು ಕೈ ಕೊಟ್ಟಿತು. ಮೂರು ದಿನ ಬೆಳಿಗ್ಗೆ ಇಲ್ಲವೇ ಇಲ್ಲ. ಮದುವೆಗೆ ಎರಡು ದಿನ ಇರುವಾಗ, ಬೀಸುವ ಶಾಸ್ತ್ರದ ದಿನ ಬೆಳಿಗ್ಗೆ ಕರೆಂಟು ಬಂತು. ಬೀಸುವ ಶಾಸ್ತ್ರ ಎಂಬುದೊಂದು ಇದೆ ಎಂದು ನನಗೆ ಗೊತ್ತಿರಲಿಲ್ಲ, ನನಗೆ ತಿಳಿವಳಿಕೆ ಬಂದ ಮೇಲೆ ನಮ್ಮ ಮನೆಯಲ್ಲಿ ಮದುವೆ ಆಗಿರಲಿಲ್ಲ. ಐದು ಮಂದಿ ಮುತ್ತೈದೆಯರು ಬೀಸುಕಲ್ಲಿಗೆ ಕಂಕಣ ಕಟ್ಟಿ, ಅದರಲ್ಲಿ ಅರಿಷಿಣ ಬೀಸಿದ ಮೇಲೆ ಮದುವೆ ಶುರುವಾದಂತೆ. ಆ ಕಂಕಣ ಬಿಚ್ಚುವವರೆಗೆ ಕಲ್ಲನ್ನು ಅಲುಗಿಸುವಂತಿಲ್ಲ. ಗಂಡಸರು ಅಲ್ಲಿಗೆ ಬರುವಂತಿಲ್ಲ, ಹಾಗಾಗಿ ಅಪ್ಪನಿಗೂ ಅದರ ನೆನಪಿರಲಿಲ್ಲ. ನೆನಪಿದ್ದವಳು ಅತ್ತಿ ಒಬ್ಬಳೇ, ಆದರೆ ಅವಳು ಹದಿನೈದು ದಿನದ ಮೊದಲೇ ಅವ್ವನಿಗೆ ಹೇಳಿಬಿಟ್ಟಿದ್ದಳು:

"ಮದವಿ ಮುಗಿಯೂತನಕ ನಾ ಕಲ್ಲ ಮುಟ್ಟಂಗಿಲ್ಲ. ನೀನ ನೋಡಕೋ. ನನ್ನ ನೆರಳ ಅದರ ಮ್ಯಾಲ ಬ್ಯಾಡ."

ಅವ್ವ ನೂರೆಂಟು ಕೆಲಸದ ನಡುವೆ, ಆ ಬೆಳಿಗ್ಗೆ ಕಲ್ಲನ್ನು ನಡುಮನೆಗೆ ಹಾಗೇ ಎಳೆಸಿ ಸುಣ್ಣ ಕೆಮ್ಮಣ್ಣು ಬಳಿಸಿದಳು. ಗೋಣಿ ತೆಗೆದದ್ದನ್ನು ನಾನು ಕಣ್ಣಾರೆ ನೋಡಿದೆ. ಇದಕ್ಕೆ ಡೈರಿ ಬೇಕಿಲ್ಲ. ಆಗಲೂ ಬಾಯಿ ಬಿಡಬಹುದಿತ್ತು. ಪಡಸಾಲೆಯಲ್ಲಿ ಲೇತಿನ ಸದ್ದು, ನಾಲ್ಕನೆಯ ಕಾಲು ಅರ್ಧಕ್ಕೆ ಬಂದಿತ್ತು. ಇನ್ನರ್ಧ ತಾಸು ಸಿಕ್ಕರೆ ಮುಗಿಯುತ್ತದೆ ಎಂದು ಎಣಿಸುತ್ತ ನಿಂತೆ. ಅವ್ವ ಗೂಟಕ್ಕೆ ಅರಿಷಿಣದ ಬೇರು ಕಟ್ಟಿದಳು. ಪಕ್ಕದ ಮನೆಯ ಕಾಶವ್ವ ಪದ ಎತ್ತಿದಳು. ಐದೂ ಕೈಗಳು ಗೂಟ ಹಿಡಿದು ಎಳೆದವು. ಮೇಲಿನ ಕಲ್ಲು ತಿರುಗಲಿಲ್ಲ, ಕೆಳಗಿನ ಕಲ್ಲಿನ ಮೇಲಿಂದ ಜಾರಿ ನೆಲಕ್ಕೆ ಬಂದು ಕೂತಿತು. ಪದ ನಿಂತಿತು.

"ಅಯ್ಯ ನಮ್ಮವ್ವ! ಇದರ ಕೀಲ ಎಲ್ಲೈತಿ?" ಅಂದಳು ಕಾಶವ್ವ.

ನಡುಮನೆಗೆ ಪಡಸಾಲೆಯಿಂದ ಮೋಟಾರಿನ ಸದ್ದೊಂದೇ ಬರುತ್ತಿತ್ತು. ಸುಧಕ್ಕ ತಲೆಗೆ ಸೆರಗು ಹೊದ್ದು ಕೂತಿದ್ದಳು, ಅವಳ ಕಣ್ಣು ತುಂಬಿದವು. ಮದುವೆಯ ಕಲ್ಲು ಮೊದಲ ಎಳೆತಕ್ಕೇ ಜಾರಿತು ಎಂಬ ಮಾತು ಬೀಗರ ಊರಿಗೆ ಮುಟ್ಟಲು ಎಷ್ಟು ಹೊತ್ತು? ಆಗ ಅಡುಗೆಮನೆಯ ಬಾಗಿಲ ಹಿಂದಿನಿಂದ ಗಂಗತ್ತಿಯ ದನಿ ಬಂತು. ಕೂಗಿದ್ದಲ್ಲ.

"ಬಸ್ಯಾ. ಬಂದ್ ಮಾಡು. ಕೀಲ ತಾ."

ಮೋಟಾರಿನ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಬೋಲ್ಟು ಬಿಚ್ಚುವ ಸದ್ದು. ಅಪ್ಪ ನಡುಮನೆಯ ಹೊಸ್ತಿಲ ಆಚೆ ಬಂದು ನಿಂತ, ಮೈಯೆಲ್ಲ ಹೊಟ್ಟು, ಟವೆಲಿನಲ್ಲಿ ಸುತ್ತಿದ ಕೀಲು ಕೈಯಲ್ಲಿ. ಅವನು ಯಾರ ಮುಖವನ್ನೂ ನೋಡಲಿಲ್ಲ, ನನ್ನದನ್ನಂತೂ ನೋಡಲೇ ಇಲ್ಲ. ಅತ್ತಿ ಬಾಗಿಲ ಹಿಂದಿನಿಂದ ಹೊರಬಂದಳು. ಮುತ್ತೈದೆಯರ ನಡುವೆ ಹಾದು, ಅಪ್ಪನ ಕೈಯಿಂದ ಕೀಲನ್ನು ಸೆರಗಿನಲ್ಲಿ ಹಿಡಿದು ತಂದು ಕಲ್ಲಿನ ಮುಂದೆ ಕೂತಳು. ನಾಲ್ಕು ಹಲ್ಲುಗಳನ್ನು ಒಮ್ಮೆ ನೋಡಿದಳು. ಹೆರೆದು ಹೆರೆದು ಕೀಲು ಗಿಡ್ಡವಾಗಿತ್ತು.

"ವಿಜೀ, ಕಾಯಿ ಒಡದದ್ದು ಪರಟಿ ತಾ. ನೀರೂ ತಾ."

ತೆಂಗಿನ ಚಿಪ್ಪಿನ ಚೂರುಗಳನ್ನು ಕುಳಿಯ ತಳಕ್ಕೆ ಹಾಕಿ, ಕೀಲು ನಿಲ್ಲಿಸಿ, ಬೆಣೆ ಹೊಡೆದು, ನೀರು ಹೊಯ್ದು ಕೈಯನ್ನು ಅದರ ಮೇಲಿಟ್ಟು ಕೂತಳು. ಬೆಣೆ ನೀರು ಕುಡಿಯುವಷ್ಟು ಹೊತ್ತು. ಅಷ್ಟು ಹೊತ್ತು ಐದು ಮಂದಿ ಮುತ್ತೈದೆಯರು ಸುತ್ತ ಕೂತಿದ್ದರು. ಎದ್ದು ಹೋಗು ಎಂದು ಒಬ್ಬರೂ ಅನ್ನಲಿಲ್ಲ, ಏಕೆಂದರೆ ಆ ಕೀಲನ್ನು ಕೂರಿಸುವುದು ಆ ಕೋಣೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಕಲ್ಲು ಮೇಲೆತ್ತಿ ಇಟ್ಟಳು. "ಬೀಸ್ರಿ ಇನ್ನ" ಅಂದಳು. ಯಾರೂ ಕೈ ಚಾಚಲಿಲ್ಲ. ಆಗ ಅವಳೇ ಗೂಟ ಹಿಡಿದು ಮೊದಲ ಸುತ್ತು ತಿರುಗಿಸಿದಳು.

ಹಾಗೆಂದು ನನ್ನ ನೆನಪು. ಸುಧಕ್ಕ ಒಪ್ಪುವುದಿಲ್ಲ. "ಅತ್ತಿ ಕೀಲ ಕೂಡಿಸಿ ಎದ್ದು ಹೋದಳು, ಬೀಸಲಿಲ್ಲ. ನೀ ಡೈರಿ ಬರದ ಬರದ ಹಿಂಗ ಆಗೀದಿ" ಅನ್ನುತ್ತಾಳೆ. ಡೈರಿಯಲ್ಲಿ ಆ ದಿನ ಇರುವುದು ಇಷ್ಟು: "ಅರಿಷಿಣ ಬೀಸಿದರು. ಕಲ್ಲು ಟಕ್ ಟಕ್ ಅಂತಿತ್ತು. ಅತ್ತಿ ಮಧ್ಯಾಹ್ನ ಉಣ್ಣಲಿಲ್ಲ." ಟಕ್ ಎನ್ನುವ ಸದ್ದಿನ ಕಾರಣ ಮಾತ್ರ ನನಗೆ ಗೊತ್ತು. ಅಪ್ಪನ ಶಾಫ್ಟಿಗೆ ನೆಟ್ಟಗಾದ ಮೊನೆ ಈಗ ಕಲ್ಲಿಗೆ ನೆಟ್ಟಗಿರಲಿಲ್ಲ. ಸುತ್ತಿಗೊಂದು ಸಲ ಕಲ್ಲು ಕುಂಟುತ್ತಿತ್ತು.

ಕಂಕಣ ಕಟ್ಟಿದ ಕಲ್ಲಿನಿಂದ ಕೀಲನ್ನು ಮತ್ತೆ ಕೇಳುವ ಹಾಗಿರಲಿಲ್ಲ. ನಾಲ್ಕನೆಯ ಕಾಲನ್ನು ಅಪ್ಪ ಉಳಿ ಹಿಡಿದು ಕೈಯಿಂದಲೇ ಮುಗಿಸಿದ. ಮೂರು ಕಾಲು ಪೂರ್ತಿ ದುಂಡು, ಒಂದು ಮೊಣಕಾಲಿನ ತನಕ ದುಂಡು, ಕೆಳಗೆ ಚೌಕ. ಸುಧಕ್ಕ ಅದರ ಮೇಲೆಯೇ ಕೂತು ಅಕ್ಕಿಕಾಳು ಹಾಕಿಸಿಕೊಂಡಳು. ಬನಹಟ್ಟಿಯಿಂದ ಊಟಕ್ಕೆ ಬಂದಿದ್ದ ಮಿಸ್ತ್ರಿ ಬಗ್ಗಿ ನೋಡಿ, "ಸಾಹೇಬ್ರ, ಇದೊಂದು ಚಪ್ಪಲಿ ಹಾಕ್ಕೊಂಡೈತೇನ್ರಿ?" ಅಂದ. ಅಪ್ಪ ನಕ್ಕ. ಆದರೆ ಮದುವೆಯಾದ ತಿಂಗಳೊಳಗೆ ಮೋಟಾರು ಬಿಚ್ಚಿ ಬನಹಟ್ಟಿಗೆ ಕಳಿಸಿದ. ಪಡಸಾಲೆ ಖಾಲಿಯಾಯಿತು. ಅತ್ತಿ ತನ್ನ ಗೋಡೆಯ ಬುಡಕ್ಕೆ ವಾಪಸು ಬಂದಳು. ಅಪ್ಪ ಮತ್ತೆ ಅತ್ತಿತ್ತ ತಿರುಗತೊಡಗಿದ. "ಕೀಲ ಕಳ್ಳ" ಎಂದು ಅತ್ತಿ ಅವನನ್ನು ಬಂದವರ ಮುಂದೆಲ್ಲ ಕರೆಯುತ್ತಿದ್ದಳು, ಅವನು ಒಂದು ಸಲವೂ ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಆ ಮನೆಯಲ್ಲಿ ನಾನು ಬೆಳೆದದ್ದು ಆ ಸುಮ್ಮನಿರುವಿಕೆಯ ಒಳಗೆ.

ಹೇಳಿದ್ದು ಹತ್ತು ವರ್ಷದ ಮೇಲೆ, ಧಾರವಾಡದಲ್ಲಿ ಓದು ಮುಗಿಸಿ ಬಂದಾಗ. ಅಪ್ಪ ಬೀಳಗಿಯಿಂದ ಇನ್ನೂ ಬಂದಿರಲಿಲ್ಲ. ಅತ್ತಿ ಮೊರ ಹಿಡಿದು ಜೋಳದಲ್ಲಿ ಕಲ್ಲು ಆರಿಸುತ್ತಿದ್ದಳು, ಕಣ್ಣು ಮಂಜಾಗಿ ಬೆರಳಿನಿಂದಲೇ ಹುಡುಕುತ್ತಿದ್ದಳು.

"ಅತ್ತಿ, ಆ ಕೀಲ ಅಪ್ಪ ಕಿತ್ತಿದ್ದಲ್ಲ. ನಾ ಕಿತ್ತಿದ್ದು."

"ಗೊತ್ತೈತಿ ತಗೋ."

"ಹೆಂಗ?"

"ಗೋಣಿ ನಾಕು ಮಡಿಕಿ ಮಾಡಿ ಅಂಚ ಒಳಗ ಸಿಗಸಾಕ ನಿಮ್ಮಪ್ಪಗ ಎಲ್ಲಿ ಬರತೈತಿ? ಅದನ್ನ ನಿನಗ ಕಲಿಸಿದಾಕಿ ನಾನು."

ಗೋಣಿಯನ್ನು ಆ ಬೆಳಿಗ್ಗೆ ತೆಗೆದವಳು ಅವ್ವ. ಅತ್ತಿ ಬಾಗಿಲ ಹಿಂದಿದ್ದಳು. ಅಲ್ಲಿಂದ ಅವಳಿಗೆ ಆ ಮಡಿಕೆ ಕಂಡಿರಲಾರದು.

"ನೀ ಯಾವಾಗ ನೋಡಿದಿ? ಕಲ್ಲ ಮುಟ್ಟಂಗಿಲ್ಲ ಅಂದಿದ್ದಿಯಲ್ಲ?"

ಅವಳ ಬೆರಳು ಜೋಳದಲ್ಲಿ ನಿಂತವು.

"ಸಾವಳಗಿಯಿಂದ ಬಂದ ಮರುದಿನ ನೋಡಿದೆ. ಮನ್ಯಾಗ ಯಾರೂ ಇರಲಿಲ್ಲ. ನಮ್ಮವ್ವನ ಕಲ್ಲು, ಹುಡುಗಿ ಮದವಿ. ಒಂದ ಸುತ್ತು ತಿರವಿ ಬಿಡೂಣು ಅಂತ ಹೋದೆ. ಗೋಣಿ ತಗದ್ರ ಕೀಲನ ಇಲ್ಲ. ಯಾರಿಗಿ ಹೇಳಲಿ? ನೀ ಯಾಕ ಅಲ್ಲಿ ಹೋಗಿದ್ದಿ ಅಂತ ಕೇಳಿದ್ರ? ಮತ್ತ ಹಂಗ ಹೊಚ್ಚಿ ಬಂದೆ. ನಾಕೂ ಕಾಲು ಆಗತಾವು, ಆಮ್ಯಾಲ ಇಡತೀರಿ ಅಂದುಕೊಂಡಿದ್ದೆ. ಕರೆಂಟ ಹೋತು."

"ಹಂಗಾರ ಅಪ್ಪಗ ಇಷ್ಟ ವರ್ಷ ಯಾಕ ಬೈದಿ?"

"ಅಂವಗ ರೂಢಿ ಐತಿ."

ಹೊರಗೆ ಬಸ್ಸಿನ ಸದ್ದಾಯಿತು. ಅತ್ತಿ ಮೊರ ಕುಟ್ಟಿ ಹೊಟ್ಟು ಹಾರಿಸಿದಳು. ಅಪ್ಪನ ಚಪ್ಪಲಿಯ ಸದ್ದು ಅಂಗಳಕ್ಕೆ ಬರುವ ಮೊದಲು, ನನ್ನ ಕಡೆ ತಿರುಗದೆ ಹೇಳಿದಳು:

"ಬರೀತೀಯಲ್ಲ ನೀ. ಅವತ್ತ ಎಲ್ಲಾರ ಮುಂದ ಮುಟ್ಟಿದ್ದು ಬರಿ. ಕದ್ದು ಮುಟ್ಟಾಕ ಹೋಗಿದ್ದು ಬರೀಬ್ಯಾಡ."

ಹೂಂ ಅಂದಿದ್ದೆ.